ಬಕ್ಕಪ್ಪಜ್ಜನನ್ನು ಕೂರಿಸಿದ ಮೇಲೆ

ಮೆಟ್ಟಿಲ ಮೇಲೆ ಕೂರು ಎಂದು ರವಿಚಂದ್ರನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬಕ್ಕೇಶನ ಮನೆ. ಅದರ ತಾರಸಿಯ ಮೇಲೆ ಓದುವವರು ನಾಲ್ಕು ಜನ, ಕುರ್ಚಿ ಮೂರು. ಬಕ್ಕೇಶ ಒಂದರಲ್ಲಿ ಕೂತ, ಬಸವಕಿರಣ್ ಒಂದರಲ್ಲಿ, ರಶ್ಮಿತಾ ಒಂದರಲ್ಲಿ. ರವಿಚಂದ್ರ ನಿಂತುಕೊಂಡು ಅತ್ತಿತ್ತ ನೋಡಿದ. ಮೆಟ್ಟಿಲ ತುದಿಯಲ್ಲಿ ಒಂದು ಹಳೇ ಪೇಪರು ಹಾಸಿತ್ತು.

"ಅಂತರ ಇರ್ಬೇಕಲ್ಲ ರವಿಯಣ್ಣ, ಕೊರೊನಾ," ಎಂದ ಬಕ್ಕೇಶ. ಮುಖ ನೋಡದೆ ಹೇಳಿದ.

ಅಂತರ ಇರಬೇಕು, ನಿಜ. ಆದರೆ ಆ ಮೂರು ಕುರ್ಚಿಗಳು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಇದ್ದವು. ಇದ್ದಬದ್ದ ಅಂತರವೆಲ್ಲ ಮೆಟ್ಟಿಲ ಪಾಲಿಗೇ ಬಂದಿತ್ತು. ರವಿಚಂದ್ರ ಪೇಪರಿನ ಮೇಲೆ ಕೂತ. ಅವನಿಗೆ ಪರೀಕ್ಷೆ ಬೇಕಾಗಿತ್ತು.

ಕೆಎಎಸ್ ಪೂರ್ವಭಾವಿ ಪರೀಕ್ಷೆ. ಉಳಿದ ಮೂವರಿಗೆ ಇದು ಕೈಕೊಟ್ಟರೆ ಇನ್ನೊಂದು ಇತ್ತು. ರವಿಚಂದ್ರನಿಗೆ ಇದೇ ಕೊನೆ. ಮತ್ತೆ ಅರ್ಜಿ ಕರೆಯುವ ಹೊತ್ತಿಗೆ ಅವನ ವಯಸ್ಸು ಮೀರಿರುತ್ತಿತ್ತು, ಮೀಸಲಾತಿಯವರಿಗೆ ಕೊಡುವ ವಯಸ್ಸೂ ಮೀರಿರುತ್ತಿತ್ತು. ಹಿಂದಿನ ಸಲ ಮುಖ್ಯ ಪರೀಕ್ಷೆಯ ತನಕ ಹೋಗಿ ಕೂದಲೆಳೆಯಲ್ಲಿ ಅವಕಾಶ ಕಳೆದುಕೊಂಡವನು. ಹರಿಹರದ ಹೊಳೆದಂಡೆಯ ಕೇರಿಯಲ್ಲಿ ಅವನ ಮನೆ. ತಾಯಿ ಉಡಚಮ್ಮ ಊರ ಬೀದಿ ಗುಡಿಸಿ ಗುಡಿಸಿ ಸೊಂಟ ನೆಟ್ಟಗಾಗದವಳು. "ನೀ ತಹಶೀಲ್ದಾರ ಆದ ದಿನ ನಾ ಪೊರಕೆ ಮುಟ್ಟಂಗಿಲ್ಲ ನೋಡು," ಎಂದು ಮಗನಿಗೆ ಹೇಳುತ್ತಿದ್ದಳು. ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು, ಆದರೂ ಬಿಟ್ಟಿರಲಿಲ್ಲ.

ಕೊರೊನಾ ಬರುವ ಮೊದಲು ಹೀಗಿರಲಿಲ್ಲ. ನಾಲ್ವರೂ ಸರ್ಕಾರಿ ಲೈಬ್ರರಿಯಲ್ಲಿ ಓದುತ್ತಿದ್ದರು. ಸಂಜೆಯಾದರೆ ಹೊರಗೆ ಮರದ ಕೆಳಗೆ ಚರ್ಚೆ. ಅವರದೇ ಒಂದು ಪದ್ಧತಿ ಇತ್ತು. ಒಬ್ಬ ಪ್ರಶ್ನೆ ಓದುವುದು. ಉತ್ತರ ಇಂಥದ್ದು ಎಂದರೆ ಸಾಲದು, ಉಳಿದ ಮೂರು ಉತ್ತರ ಯಾಕಲ್ಲ ಎಂಬುದನ್ನೂ ಬಿಡಿಸಿ ಹೇಳಬೇಕು. ಹೇಳಲು ಬಾರದವನು ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಬೇಕು. ಪೇಪರಿನ ಮೇಲೆ ಮಂಡಕ್ಕಿ ಸುರಿದರೆ ನಾಲ್ವರ ಕೈಯೂ ಅದರೊಳಗೆ. ಇತಿಹಾಸ, ಸಂವಿಧಾನ ರವಿಚಂದ್ರನ ಪಾಲು. ಅವನು ಹೇಳುವಾಗ ಬಕ್ಕೇಶ ಬರೆದುಕೊಳ್ಳುತ್ತಿದ್ದ. ಇದನ್ನೇ ಗೆಳೆತನ ಎಂದುಕೊಂಡು ರವಿಚಂದ್ರ ಎರಡು ವರ್ಷ ಹಿಗ್ಗಿದ್ದ.

ಲಾಕ್‌ಡೌನ್ ಆಗಿ ಲೈಬ್ರರಿಗೆ ಬೀಗ ಬಿತ್ತು. ಬಿಗಿ ಸ್ವಲ್ಪ ಸಡಿಲಾದ ಮೇಲೆ ಬಕ್ಕೇಶನೇ ತಾರಸಿಗೆ ಕರೆದ. ಮೊದಲ ದಿನ ಮುಂಬಾಗಿಲ ಬೆಂಚಿನ ಮೇಲೆ ಅವನ ಅಜ್ಜ ಬಕ್ಕಪ್ಪ ಕೂತಿದ್ದ. ಹಣೆತುಂಬ ವಿಭೂತಿ, ಬಿಳಿ ಧೋತರ.

"ಯಾವೂರಪ್ಪ ನಿಂದು?"

"ಹರಿಹರ ರೀ."

"ಹರಿಹರದಾಗೆ ಯಾರ ಪೈಕಿ?"

ರವಿಚಂದ್ರ ಹೇಳಿದ. ಮುಚ್ಚಿಡುವ ಅಭ್ಯಾಸ ಅವನಿಗಿರಲಿಲ್ಲ.

"ಓದು, ಓದು. ಒಳ್ಳೇದು," ಎಂದ ಅಜ್ಜ. ದನಿಯಲ್ಲಿ ಗಡಸೇನೂ ಇರಲಿಲ್ಲ. ಮಾರನೆಯ ದಿನ ತಾರಸಿಯ ಮೇಲೆ ಕುರ್ಚಿ ಮೂರಾಗಿದ್ದವು. ಚಹಾ ಮೂವರಿಗೆ ಸ್ಟೀಲ್ ಲೋಟದಲ್ಲಿ ಬಂತು, ಒಬ್ಬನಿಗೆ ಪೇಪರ್ ಕಪ್ಪಿನಲ್ಲಿ. ಹಳೇ ರೋಗಕ್ಕೆ ಹೊಸ ರೋಗದ ಹೆಸರು ಸಿಕ್ಕಿತ್ತು. ನಾಚಿಕೊಳ್ಳುವ ತೊಂದರೆಯೂ ತಪ್ಪಿತ್ತು.

ಜುಲೈನಲ್ಲಿ ಸಾವು ಹೆಚ್ಚಿದಾಗ ತಾರಸಿಯ ಮೇಲೆ ಪಾಠಕ್ಕಿಂತ ಬೇರೆ ಮಾತೇ ಹೆಚ್ಚಾಯಿತು. ಪರೀಕ್ಷೆ ನಡೆಯಬೇಕೋ ಬೇಡವೋ.

"ಪೋಸ್ಟ್‌ಪೋನ್ ಮಾಡ್ಲೇಬೇಕು," ಎಂದ ಬಸವಕಿರಣ್. ಅವನ ಅಪ್ಪನದು ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ಅಂಗಡಿ. "ಜೀವ ಇದ್ರೆ ತಾನೇ ಪರೀಕ್ಷೆ? ಎಲ್ರೂ ಸೇರಿ ಟ್ವೀಟ್ ಮಾಡಾಣ."

"ನಮ್ಮಮ್ಮಗೆ ಉಬ್ಬಸ ಐತೆ," ಎಂದಳು ರಶ್ಮಿತಾ. "ಸೆಂಟರಿಗೆ ಹೋಗಿ ನಾನೇ ಮನೆಗೆ ರೋಗ ಹತ್ತಿಸ್ಕಂಡು ಬಂದ್ರೆ? ರವಿಯಣ್ಣ, ನೀನೇನಂತಿ?"

"ನಡೀಲಿ ಅಂತೀನಿ."

"ಜೀವಕ್ಕಿಂತ ಹೆಚ್ಚೇನಣ್ಣ?"

"ಮುಂದಕ್ಕೆ ಹಾಕಿದ್ರೆ ನಿಮಗೆ ಓದಾಕೆ ಟೈಮ್ ಸಿಗ್ತೈತೆ. ನನಗೆ ಸಿಗಂಗಿಲ್ಲ, ನಾನು ದುಡಿಬೇಕು. ಈ ಪರೀಕ್ಷೆ ರದ್ದಾಗಿ ಹೊಸದಾಗಿ ಕರದ್ರೆ ನಿಮಗೆ ಇನ್ನೂ ವಯಸ್ಸೈತೆ. ನಂದು ಮುಗೀತೈತೆ."

ಬಸವಕಿರಣ್ ಮೊಬೈಲ್ ತೆಗೆದು ಟ್ವೀಟ್ ಬರೆಯತೊಡಗಿದ.

ರವಿಚಂದ್ರ ಪಾಠ ಮಾಡುತ್ತಿದ್ದ ಖಾಸಗಿ ಶಾಲೆ ಮಾರ್ಚಿನಿಂದಲೇ ಸಂಬಳ ನಿಲ್ಲಿಸಿತ್ತು. ಕೇರಿಯ ಕೊಟ್ಟೂರೇಶ್ ಆಂಬ್ಯುಲೆನ್ಸ್ ಓಡಿಸುವವನು. ಕೊರೊನಾದಿಂದ ಸತ್ತವರನ್ನು ಎತ್ತಲು ಜನ ಸಿಗುತ್ತಿಲ್ಲ, ಬರ್ತೀಯಾ ಎಂದು ಕೇಳಿದ. ರವಿಚಂದ್ರ ಹೋದ. ಹೋದ ದಿನದಿಂದಲೇ ತಾರಸಿಗೆ ಹತ್ತುವುದನ್ನು ತಾನಾಗಿ ಬಿಟ್ಟ. ಉಬ್ಬಸದ ತಾಯಿಯ ಮಗಳು ಅಲ್ಲಿ ಕೂರುತ್ತಾಳೆ ಎಂಬುದು ಅವನ ತಲೆಯಲ್ಲಿತ್ತು. ಹರಿಹರದಿಂದ ಬಸ್ ಸರಿಯಾಗಿ ಇಲ್ಲ ಎಂದು ಹೇಳಿ ಫೋನಿನಲ್ಲೇ ಚರ್ಚೆಗೆ ಸೇರುತ್ತಿದ್ದ.

ಆ ಕೆಲಸ ಎಂಥದ್ದೆಂದು ಮಾಡಿದವನಿಗೇ ಗೊತ್ತು. ಪ್ಲಾಸ್ಟಿಕ್ ಉಡುಪು ಹಾಕಿ ಜಿಪ್ ಎಳೆದರೆ ಒಳಗೆ ಮೈ ಬೇಯುತ್ತದೆ. ಬೆವರು ಇಳಿದು ಬೂಟಿನೊಳಗೆ ನಿಲ್ಲುತ್ತದೆ, ಹೆಜ್ಜೆ ಇಟ್ಟರೆ ಪಚಪಚ ಸದ್ದು. ಕನ್ನಡಕಕ್ಕೆ ಹಬೆ ಹಿಡಿದು ಕಣ್ಣು ಕಾಣುವುದಿಲ್ಲ. ನೀರು ಕುಡಿಯುವಂತಿಲ್ಲ, ಉಚ್ಚೆ ಹೊಯ್ಯುವಂತಿಲ್ಲ. ಹೆಣದ ಚೀಲದ ಹಿಡಿ ಬೆರಳು ಕುಯ್ಯುತ್ತದೆ. ಕೆಲಸ ಮುಗಿಸಿ ಉಡುಪು ಬಿಚ್ಚಿದಾಗ ಮೇಲಿನಿಂದ ಔಷಧಿ ನೀರು ಹೊಡೆಯುತ್ತಾರೆ, ಕಣ್ಣು ಉರಿದು ಕೆಂಡವಾಗುತ್ತದೆ. ಅದೇ ಕಣ್ಣಿನಿಂದ ಅವನು ಕದಂಬರನ್ನು ಓದಿದ, ಗಂಗರನ್ನು ಓದಿದ. ಟ್ವೀಟುಗಳೇನೂ ನಡೆಯಲಿಲ್ಲ, ಆಗಸ್ಟಿಗೆ ಪರೀಕ್ಷೆ ಎಂದು ಸರ್ಕಾರ ಹೇಳಿತು. ಅವತ್ತು ಅವನು ಖುಷಿಯಿಂದ ತಾಯಿಯನ್ನು ಕರೆದು ಹೇಳಿದ.

ಪರೀಕ್ಷೆಗೆ ಎರಡು ದಿನ ಮುಂಚಿನಿಂದಲೇ ರಜೆ ಕೇಳಿದ್ದ. ಹೆಣ ಎತ್ತುವ ಇನ್ನೊಬ್ಬನಿಗೆ ಅವತ್ತೇ ಜ್ವರ ಬಂತು. "ಇದೊಂದು ಮುಗಿಸಿ ಕೊಡು ಮಾರಾಯ, ನಾನೊಬ್ನೇ ಹೆಂಗೆ ಎತ್ಲಿ?" ಎಂದ ಕೊಟ್ಟೂರೇಶ್. ಆಸ್ಪತ್ರೆಯ ಹಿಂದುಗಡೆ ಗಾಡಿ ನಿಂತಾಗ ದೂರದ ಗೋಡೆಯ ಬಳಿ ಇಬ್ಬರು ನಿಂತಿದ್ದರು. ಬಕ್ಕೇಶ ಮತ್ತು ಅವನ ಅಪ್ಪ ಕರಿಬಸವರಾಜ. ಚೀಲದಲ್ಲಿದ್ದದ್ದು ಬಕ್ಕಪ್ಪಜ್ಜ.

ಅವರ ಹೊಲ ಕುಕ್ಕುವಾಡದಲ್ಲಿತ್ತು, ಹಿರಿಯರ ಗದ್ದುಗೆಗಳೆಲ್ಲ ಅಲ್ಲೇ. ಆದರೆ ಕೊರೊನಾ ಹೆಣವನ್ನು ಅಲ್ಲಿಗೆ ಒಯ್ಯಲು ಅಧಿಕಾರಿಗಳು ಒಪ್ಪಿರಲಿಲ್ಲ. ಊರಾಚೆಯ ಸರ್ಕಾರಿ ಜಾಗದಲ್ಲೇ ಹೂಳಬೇಕು. ಕರಿಬಸವರಾಜ ಗೋಡೆಯ ಬಳಿಯಿಂದಲೇ ಕೈ ಮುಗಿದ.

"ಅಪ್ಪಾರನ್ನ ಮಲಗಿಸಬ್ಯಾಡ್ರಿ. ನಮ್ಮಲ್ಲಿ ಮಲಗ್ಸಂಗಿಲ್ಲ, ಕೂಡ್ಸಿ ಮಣ್ಣು ಕೊಡ್ತೀವಿ. ಹೆಂಗಾರ ಮಾಡಿ ಕೂಡ್ಸ್ರಿ."

"ಕೂಡ್ಸಾಕಾಗಲ್ಲ ಸಾಹುಕಾರ್ರೆ," ಎಂದ ಕೊಟ್ಟೂರೇಶ್. "ಜೆಸಿಬಿ ಉದ್ದಕ್ಕೆ ತೋಡಿರ್ತೈತೆ. ಹಾಕಿ ಮುಚ್ಚದಷ್ಟೇ ನಮ್ ಕೆಲಸ."

ರವಿಚಂದ್ರನ ಉಡುಪಿನ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದಿತ್ತು. ಉಡುಪು ಹಾಕಿದ ಮೇಲೆ ಯಾರು ಯಾರೆಂದು ತಿಳಿಯುವುದಿಲ್ಲ, ಅದಕ್ಕೆ ಬರೆಯುತ್ತಾರೆ. ಬಕ್ಕೇಶ ಅದನ್ನು ಓದಿದ.

"ರವಿಯಣ್ಣ, ನೀನಾ?" ಅವನ ದನಿ ಒಡೆದುಹೋಯಿತು. "ಅಜ್ಜನ್ನ ಕೂಡ್ಸಣ್ಣ. ನಿನ್ನ ಕಾಲಿಗೆ ಬೀಳ್ತೀನಿ. ಸಾಯೋ ತನಕ ಮರೆಯಲ್ಲ."

"ಕೂಡ್ಸ್ತೀನಿ," ಎಂದ ರವಿಚಂದ್ರ.

ಗುಂಡಿ ಮನುಷ್ಯ ಮಲಗುವ ಉದ್ದಕ್ಕಿತ್ತು, ಆಳ ಸಾಲದು. ಇಬ್ಬರೂ ಸಲಿಕೆ ಹಿಡಿದು ಒಂದು ತುದಿಯನ್ನು ಇನ್ನೂ ತೋಡಿದರು. ಮಧ್ಯಾಹ್ನದ ಬಿಸಿಲು. ಕೊಟ್ಟೂರೇಶ್ ಬೈಯುತ್ತಲೇ ತೋಡಿದ. "ಯಾರಿಗೋಸ್ಕರ ಇಷ್ಟು ಒದ್ದಾಡ್ತಿ? ನಿನಗೊಂದು ಕುರ್ಚಿ ಕೊಡದವ್ರು." ರವಿಚಂದ್ರ ಸಲಿಕೆ ಬಿಡಲಿಲ್ಲ. ಬೆಳಿಗ್ಗೆ ಸತ್ತ ದೇಹ ಸೆಟೆದುಕೊಂಡಿತ್ತು, ಸೊಂಟ ಸುಲಭಕ್ಕೆ ಬಾಗಲಿಲ್ಲ, ಬಿಟ್ಟರೆ ಹಿಂದಕ್ಕೆ ಬೀಳುತ್ತಿತ್ತು. ಕೊನೆಗೆ ಅವನೇ ಗುಂಡಿಗೆ ಇಳಿದು ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಕೂತ. ಚೀಲವನ್ನು ಎರಡೂ ತೋಳಿನಿಂದ ತಬ್ಬಿ ಎದೆಗೆ ಎಳೆದುಕೊಂಡ. ಮುದುಕನ ತಲೆ ಅವನ ಗದ್ದಕ್ಕೆ ತಾಗಿತು. ಮೇಲಿನಿಂದ ಕೊಟ್ಟೂರೇಶ್ ಕಾಲಿನ ಸುತ್ತ ಮಣ್ಣು ತುಂಬಿದ, ಸೊಂಟದ ಸುತ್ತ ತುಂಬಿದ. ಮಣ್ಣು ಎದೆಗೆ ಬರುವ ತನಕ ರವಿಚಂದ್ರ ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಹಿಂದಿನಿಂದ ಜಾರಿಕೊಂಡು, ತಾನು ಕೂತಿದ್ದ ಜಾಗಕ್ಕೂ ಮಣ್ಣು ಒತ್ತಿ, ಮೇಲೆ ಬಂದ. ಮನೆಯವರು ಕೊಟ್ಟ ವಿಭೂತಿಯನ್ನು ಚೀಲದ ಮೇಲೆ ಹಣೆ ಇರಬಹುದಾದ ಕಡೆ ಹಚ್ಚಿದ. ಕೊರಳ ಲಿಂಗ ಚೀಲದೊಳಗೇ ಇತ್ತು. ಅದನ್ನು ಅಂಗೈಗೆ ಇಡಲು ಆಗಲಿಲ್ಲ.

ಹೊರಗಿನ ರಸ್ತೆಯಲ್ಲಿ ಬಕ್ಕೇಶನ ಮನೆಯವರ ಕಾರು ನಿಂತಿತ್ತು. ಕೆಲಸ ಮುಗಿಯಿತು ಎಂದು ಕೈಯೆತ್ತಿ ತೋರಿಸಿದ ಮೇಲೆ ಅದು ಹೊರಟುಹೋಯಿತು.

ಮಾರನೆಯ ದಿನ ರವಿಚಂದ್ರ ಟೆಸ್ಟ್ ಮಾಡಿಸಿದ. ನೆಗೆಟಿವ್ ಬಂತು. ಪರೀಕ್ಷೆಯ ಬೆಳಿಗ್ಗೆ ಉಡಚಮ್ಮ ರೊಟ್ಟಿ ಕಟ್ಟಿಕೊಟ್ಟಳು, ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿ ದಾವಣಗೆರೆಗೆ ಬಂದ.

ಕೇಂದ್ರ ಒಂದು ಹೈಸ್ಕೂಲು. ಗೇಟಿನ ಮುಂದೆ ಸಾಲು. ಬಸವಕಿರಣ್, ರಶ್ಮಿತಾ ಮುಂದೆ ಇದ್ದರು. ಬಕ್ಕೇಶ ಅವನ ಹಿಂದೆಯೇ ಬಂದು ನಿಂತ. ಕಣ್ಣು ಊದಿದ್ದವು. ರವಿಚಂದ್ರನಿಗೆ ಅಯ್ಯೋ ಅನ್ನಿಸಿತು. ಏನಾದರೂ ಸಮಾಧಾನ ಹೇಳೋಣ ಎಂದು ತಿರುಗುವಷ್ಟರಲ್ಲಿ ಬಸವಕಿರಣ್ ಗೇಟಿನ ಅಧಿಕಾರಿಯ ಹತ್ತಿರ ಬಾಗಿದ. ಬಕ್ಕೇಶ ಬಸವಕಿರಣನಿಗೆ ಎಲ್ಲ ಹೇಳಿರಬೇಕು.

"ಸರ್, ಅವ್ರನ್ನ ನಮ್ ರೂಮಿಗೆ ಹಾಕಬ್ಯಾಡ್ರಿ. ಕೊರೊನಾ ಹೆಣ ಹೂಳ್ತಾರೆ ಅವ್ರು." ಬಲು ಮರ್ಯಾದೆಯಿಂದ ಹೇಳಿದ.

ಸಾಲು ಚದುರಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದ. "ಹೌದೇನ್ರಿ?"

"ಹೌದು ಸರ್. ಕಿಟ್ ಹಾಕ್ಕೊಂಡೇ ಮಾಡದು. ನಿನ್ನೆ ಟೆಸ್ಟ್ ಆಗೈತೆ, ನೆಗೆಟಿವ್. ಮೊಬೈಲ್‌ನಾಗೆ ಮೆಸೇಜ್ ಐತೆ ನೋಡ್ರಿ."

"ಕೊನೇದಾಗಿ ಯಾವಾಗ ಮುಟ್ಟಿದ್ರಿ?"

"ಮೊನ್ನೆ."

"ಮೊನ್ನೆನಾ?" ಅಧಿಕಾರಿ ಮೊಬೈಲ್ ನೋಡಲಿಲ್ಲ. "ಬೇರೆ ರೂಮ್ ಮಾಡ್ಬೇಕಾಗ್ತದೆ. ಕಿಟ್ ಹಾಕಿರೋ ಸೂಪರ್‌ವೈಸರ್ ಬರ್ಬೇಕು. ಹೋಗಿ ಆ ಮರದ ಕೆಳಗೆ ನಿಂತಿರ್ರಿ."

ರವಿಚಂದ್ರ ಪಕ್ಕಕ್ಕೆ ಸರಿದ. ಈಗ ಅಧಿಕಾರಿಯ ಮುಂದೆ ಬಕ್ಕೇಶ.

"ನಿಮ್ಮನೇಲಿ ಯಾರಿಗಾದ್ರೂ ಪಾಸಿಟಿವ್ ಬಂದಿತ್ತಾ?"

ಅಜ್ಜನ ಜೊತೆ ಒಂದೇ ಸೂರಿನಡಿ ಮಲಗಿ ಎದ್ದವನು. ಆಂಬ್ಯುಲೆನ್ಸ್ ಬರುವ ತನಕ ಅಜ್ಜನ ಕಾಲು ತಿಕ್ಕಿದವನು. ರವಿಚಂದ್ರ ಅವನ ಮುಖವನ್ನೇ ನೋಡುತ್ತ ನಿಂತ. ಈಗ ಹೇಳುತ್ತಾನೆ, ಹೇಳಿ ತನ್ನ ಪಕ್ಕಕ್ಕೆ ಬಂದು ನಿಲ್ಲುತ್ತಾನೆ, ಇಬ್ಬರನ್ನೂ ಬೇರೆ ಕೋಣೆಗೆ ಹಾಕಲೇಬೇಕಾಗುತ್ತದೆ ಎಂದುಕೊಂಡ.

"ಇಲ್ಲ ಸರ್," ಎಂದ ಬಕ್ಕೇಶ.

ಹಣೆಗೆ ಜ್ವರ ನೋಡುವ ಯಂತ್ರ ಹಿಡಿದರು. ಕೈಗೆ ಸ್ಯಾನಿಟೈಸರ್ ಹಾಕಿದರು. ಅವನು ಒಳಗೆ ಹೋದ.

ರವಿಚಂದ್ರನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಮೊನ್ನೆ ಮುಟ್ಟಿದ ಹೆಣ ಇವನ ಅಜ್ಜಂದೇ ಎಂದು ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಇನ್ನೊಬ್ಬನ ಪರೀಕ್ಷೆ ಕೆಡಿಸಿದರೆ ತನ್ನದು ಸಿಗುತ್ತದೆಯೇ? ಬಕ್ಕೇಶ ಒಂದು ಸಲ ತಿರುಗಿ ನೋಡಲಿ ಎಂದು ಕಾದ. ಅವನು ನೋಡಲೂ ಇಲ್ಲ.

ಸೂಪರ್‌ವೈಸರ್ ಬರಲಿಲ್ಲ. ಒಳಗೆ ಮೊದಲ ಗಂಟೆ ಹೊಡೆಯಿತು. ರವಿಚಂದ್ರ ಗೇಟಿಗೆ ಬಂದು ಕಂಬಿ ಹಿಡಿದ.

"ಸರ್, ಈ ಮರದ ಕೆಳಗೇ ಬರೀತೀನಿ. ಪೇಪರ್ ನೆಲದ ಮೇಲೆ ಇಟ್ಟು ದೂರ ಹೋಗ್ರಿ. ನನಗಿದು ಕೊನೇ ಸಲ ಸರ್."

"ರೂಲ್ಸ್‌ನಲ್ಲಿ ಇಲ್ಲ. ಗೇಟ್ ಮುಟ್ಬ್ಯಾಡ್ರಿ."

ಎರಡನೇ ಗಂಟೆ ಹೊಡೆಯಿತು. ಆಮೇಲೆ ಒಬ್ಬ ಪೇದೆ ಅವನು ಹಿಡಿದಿದ್ದ ಕಂಬಿಗೆ ಔಷಧಿ ಸಿಂಪಡಿಸಿದ. ಮಧ್ಯಾಹ್ನದ ಪತ್ರಿಕೆ ಬೇಕಾದರೆ ಬರೆಯಬಹುದು ಎಂದರು. ಮೊದಲನೆಯದಿಲ್ಲದೆ ಎರಡನೆಯದನ್ನು ಬರೆದು ಏನು ಮಾಡುವುದು? ರವಿಚಂದ್ರ ಅತ್ತ. ಮಾಸ್ಕಿನೊಳಗೆ ಅತ್ತರೆ ಮೂಗು ಕಟ್ಟಿ ಉಸಿರಾಡಲು ಆಗುವುದಿಲ್ಲ. ಅದನ್ನು ತೆಗೆದರೆ ಮತ್ತೆ ಬೈಯುತ್ತಾರೆ ಎಂದು ಅಲ್ಲಿಂದ ದೂರ ನಡೆದು ಹೋಗಿ ಅತ್ತ.

ಬಸ್ ಹತ್ತಲು ಮನಸ್ಸಾಗದೆ ಹರಿಹರದ ದಾರಿ ಹಿಡಿದು ನಡೆದ. ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಉಡಚಮ್ಮ ಬಾಗಿಲಲ್ಲೇ ಕೂತಿದ್ದಳು.

"ಹೆಂಗ್ ಬರ್ದ್ಯಪ್ಪ?"

"ಬರೀಲಿಲ್ಲವ್ವ. ಬಿಡ್ಲಿಲ್ಲ."

ಅವಳು ಯಾಕೆಂದು ಕೇಳಲಿಲ್ಲ. ಬಿಡದೆ ಇರುವುದಕ್ಕೆ ಕಾರಣ ಕೇಳಿ ಅವಳಿಗೆ ರೂಢಿ ಇರಲಿಲ್ಲ. ಅವನ ಚೀಲದಿಂದ ರೊಟ್ಟಿಯ ಗಂಟು ತೆಗೆದು ನೋಡಿದಳು, ಹಾಗೇ ಇತ್ತು. ಅದನ್ನು ಹಿಡಿದುಕೊಂಡು ಒಳಗೆ ಹೋದಳು.

ಫೋನ್ ಬಂತು. ರಶ್ಮಿತಾ. ಹಿಂದಿನಿಂದ ಬಕ್ಕೇಶ, ಬಸವಕಿರಣ್ ಜೋರಾಗಿ ವಾದ ಮಾಡುವುದು ಕೇಳುತ್ತಿತ್ತು. ಉತ್ತರ ತಾಳೆ ನೋಡುತ್ತಿದ್ದರು.

"ರವಿಯಣ್ಣ, ಬೇಜಾರ್ ಮಾಡ್ಕೋಬ್ಯಾಡ. ನನಗೂ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು. "ಅಲ್ಲ, ಆ ಶಾಸನದ ಪ್ರಶ್ನೆಗೆ ಉತ್ತರ ಎ ನಾ, ಸಿ ನಾ? ಇಲ್ಲಿ ಜಗಳ ಹತ್ತೈತೆ. ನೀ ಹೇಳಿದ್ರೆ ಮುಗೀತು ಅಂತಾರೆ."

"ನಾನು ಪ್ರಶ್ನೆ ನೋಡೇ ಇಲ್ಲ ರಶ್ಮಿತಾ," ಎಂದ ರವಿಚಂದ್ರ.

ಅವಳು ಏನೋ ಹೇಳಹೊರಟಳು. ಅವನು ಫೋನ್ ಇಟ್ಟ.

ಒಂದು ವಾರದ ಮೇಲೆ ಕರಿಬಸವರಾಜ ಫೋನ್ ಮಾಡಿದ. ಅಜ್ಜನ ಹೆಸರಲ್ಲಿ ಗಣಾರಾಧನೆಯ ಊಟ ಇದೆ, ನಿನಗೊಂದು ಸನ್ಮಾನ ಮಾಡಬೇಕು ಎಂದ. ರವಿಚಂದ್ರ ಆಗಲ್ಲ ಎನ್ನುವಷ್ಟರಲ್ಲಿ ಫೋನನ್ನು ಅಜ್ಜಿ ಕಸ್ತೂರಮ್ಮ ತೆಗೆದುಕೊಂಡಳು. "ಬಾರಪ್ಪ. ಅವ್ರನ್ನ ಹೆಂಗ್ ಕೂಡ್ಸ್ದೆ ಅಂತ ನಿನ್ನ ಬಾಯಿಂದ ಕೇಳ್ಬೇಕು. ನಿದ್ದಿ ಬರವಲ್ದು ನನಗೆ." ಆ ಮಾತಿಗಾಗಿ ಹೋದ.

ಒಳಗೆ ನೆಂಟರು ಮೊಣಕೈಗೆ ಮೊಣಕೈ ತಾಗಿಸಿ ಉಣ್ಣುತ್ತಿದ್ದರು. ಮಾಸ್ಕು ಗದ್ದದ ಕೆಳಗಿದ್ದವು. ಅವನಿಗೂ ಒಂದು ಕುರ್ಚಿ ಹಾಕಿದ್ದರು, ಗೇಟಿನ ಹೊರಗೆ. ಕರಿಬಸವರಾಜ ತಟ್ಟೆಯಲ್ಲಿ ಶಾಲು, ಹಾರ, ಹಣ್ಣು ತಂದು ಒಂದು ಸ್ಟೂಲಿನ ಮೇಲಿಟ್ಟು ಹಿಂದೆ ಸರಿದ. ಬಸವಕಿರಣ್ ಮೊಬೈಲ್ ಎತ್ತಿ ಹಿಡಿದ. ಅವನ ಪಕ್ಕದಲ್ಲಿ ಬಕ್ಕೇಶ.

"ತಗೊಂಡು ಹಾಕ್ಕೊಳ್ಳಪ್ಪ. ನೀವೆಲ್ಲ ಕೊರೊನಾ ವಾರಿಯರ್ಸು," ಎಂದ ಕರಿಬಸವರಾಜ.

"ಹೊದಿಸ್ರಿ," ಎಂದ ರವಿಚಂದ್ರ.

"ಅಂತರ ಕಾಯ್ಕೋಬೇಕಲ್ಲಪ್ಪ."

"ಹಂಗಾದ್ರೆ ಬ್ಯಾಡ. ಸ್ಟೂಲಿನ ಮೇಲಿಂದ ಎತ್ಕಳಾಕೆ ನಾನು ಬಂದಿಲ್ಲ. ಫೋಟೋ ಬ್ಯಾಡ, ಕೆಳಗಿಳಿಸು ಅದನ್ನ."

ಬಸವಕಿರಣನ ಕೈ ಕೆಳಗಿಳಿಯಿತು. ಕಸ್ತೂರಮ್ಮ ಗೋಡೆ ಹಿಡಿದುಕೊಂಡು ಗೇಟಿನ ತನಕ ಬಂದಳು.

"ಕೂಡ್ಸ್ದೇನಪ್ಪ?"

"ಕೂಡ್ಸೀನಮ್ಮ."

"ಅಂಗೈಯಾಗೆ ಲಿಂಗ?"

"ಇಡಾಕಾಗ್ಲಿಲ್ಲ. ಚೀಲ ಬಿಚ್ಚಂಗಿರ್ಲಿಲ್ಲ. ಕೊರಳಾಗೇ ಐತೆ. ಮೈ ಬಗ್ಗವಲ್ದಾಗಿತ್ತು, ಅದಕ್ಕೆ ನಾನೇ ಗುಂಡಿಯಾಗೆ ಕುಂತು ಎದಿಗೆ ಒರಗಿಸ್ಕಂಡಿದ್ದೆ. ಮಣ್ಣು ಬರೋ ತನಕ ನನ್ನ ಎದಿಗೇ ಒರಗಿದ್ರು."

ಮುದುಕಿಯ ಕಣ್ಣಲ್ಲಿ ನೀರಿಳಿಯಿತು. ಸೆರಗಿನಿಂದ ಒರೆಸಿಕೊಂಡಳು. "ನಿನ್ನ ಪರೀಕ್ಷೆ ಚೆಂದಾಗಾತೇನಪ್ಪ? ಬಕ್ಕೇಶಂದು ಚಲೋ ಆಗೈತಂತೆ."

"ಹೆಣ ಮುಟ್ಟಿದವ್ನು ಅಂತ ಗೇಟಿನಾಗೇ ನಿಲ್ಲಿಸಿದ್ರು. ನಿಮ್ಮ ಮೊಮ್ಮಗ ಹಿಂದೇ ನಿಂತಿದ್ದ. ನಿಮ್ಮನೇಲಿ ಯಾರಿಗಾದ್ರೂ ಬಂದಿತ್ತಾ ಅಂತ ಕೇಳಿದ್ರೆ ಇಲ್ಲ ಅಂದ."

"ಹೌದೇನೋ?" ಎಂದು ಅವಳು ಬಕ್ಕೇಶನ ಕಡೆ ತಿರುಗಿದಳು. ಬಕ್ಕೇಶ ನೆಲ ನೋಡಿದ. ಊಟಕ್ಕೆ ಕೂತವರು ಕೈ ನಿಲ್ಲಿಸಿದ್ದರು.

ಅಜ್ಜಿ ಗೇಟಿನ ಅಗುಳಿ ತೆಗೆದಳು. "ಒಳಗೆ ಬಾ. ನನ್ನ ಪಕ್ಕದಾಗೆ ಕುಂತು ಉಣ್ಣು. ಯಾವನು ಬ್ಯಾಡ ಅಂತಾನೋ ನೋಡ್ತೀನಿ. ಪರೀಕ್ಷಿ ಇನ್ನೊಂದ್ಸಲ ಬರೀವಂತಿ."

"ನನಗೆ ಇನ್ನೊಂದ್ಸಲ ಇಲ್ಲಮ್ಮ. ವಯಸ್ಸು ಮುಗೀತು." ರವಿಚಂದ್ರ ಒಳಗೆ ಹೆಜ್ಜೆ ಇಡಲಿಲ್ಲ. "ಅವ್ರನ್ನ ಕೂಡ್ಸಾಕೆ ನಾನಿದ್ದೆ. ನನ್ನನ್ನ ಒಂದು ಬೆಂಚಿನ ಮೇಲೆ ಕೂಡ್ಸ್ರಿ ಅನ್ನಾಕೆ ನಿಮ್ಮನೆಯವ್ನು ಬಾಯಿ ತೆಗೀಲಿಲ್ಲ. ಈಗ ಒಳಗೆ ಬಂದು ಏನ್ ಉಣ್ಲಿ?"

ಕಸ್ತೂರಮ್ಮ ಗೇಟನ್ನು ತೆರೆದು ಹಿಡಿದುಕೊಂಡೇ ನಿಂತಿದ್ದಳು. ರವಿಚಂದ್ರ ಅವಳಿಗೆ ಕೈ ಮುಗಿದು ರಸ್ತೆಗೆ ನಡೆದ. ತಿರುವಿನಲ್ಲಿ ಕೊಟ್ಟೂರೇಶ್ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಆಸ್ಪತ್ರೆಯಿಂದ ಮತ್ತೆ ಫೋನ್ ಬಂದಿತ್ತು.